ಮೂರನೇ ತೊಟ್ಟಿಯ ಭತ್ತ ಮತ್ತು ಒಂದು ಸಾಲಿನ ಕೋಡು

ಗುಲ್ವಾಡಿಯ ಹೊಳೆಬದಿಯ ಒಬ್ಬ ಅಮ್ಮನ ಕೊನೆಯ ಬೆಳೆಯನ್ನು ನಾನು ಒಂದೇ ಒಂದು ಸಾಲಿನ ಕೋಡು ಬರೆದು ಕಳೆದುಹಾಕಿದೆ. ಬರೆದದ್ದು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಕುಂದಾಪುರದಲ್ಲಿ ಕುಳಿತು, ಹಾಡುಹಗಲಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಇನ್ನೂ ನಾಲ್ಕು ಜನರನ್ನು ಗೇಲಿ ಮಾಡುವವಳಿದ್ದೇನೆ, ಅಷ್ಟರಲ್ಲಿ ಓದುವವರಿಗೆ ನಾನೊಬ್ಬಳೇ ಸಾಚಾ ಎಂಬ ಭ್ರಮೆ ಬರುವುದು ಬೇಡ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕುಂದಾಪುರದಲ್ಲಿ ಮಹಡಿ ಇದ್ದ ಕಟ್ಟಡಕ್ಕೊಂದರಂತೆ ಕಂಪ್ಯೂಟರ್ ಸೆಂಟರ್ ಎದ್ದಿದ್ದ ಕಾಲ. ನಮ್ಮದಕ್ಕೆ ಕೆಳಗೆ ಬೇಕರಿ. ಬಿಸಿ ಬನ್ನಿನ ಪರಿಮಳ ಮೇಲೆ ಬಂದಾಗ ಹುಡುಗರ ಗಮನವೆಲ್ಲ ಕೆಳಕ್ಕೆ ಹೋಗುತ್ತಿತ್ತು. ನಾನು ಯಡ್ತರೆಯಿಂದ ಬೈಂದೂರು ಪೇಟೆಗೆ ನಡೆದು ಬಂದು ಬಸ್ಸು ಹಿಡಿಯುತ್ತಿದ್ದೆ. ಮರವಂತೆಯಲ್ಲಿ ಬಸ್ಸಿನವರೆಲ್ಲ ಕಡಲು ನೋಡುವಾಗ ನಾನು ಜಾವಾ ಪುಸ್ತಕ ನೋಡುತ್ತಿದ್ದೆ. ಬಸ್ಸಿನಲ್ಲಿ ಓದಿದ ಪುಟವನ್ನೇ ಹತ್ತು ಗಂಟೆಗೆ ಪಾಠ ಮಾಡಬೇಕಿತ್ತು. ಬಸ್ಸು ತಡವಾದ ದಿನ ನನಗೆ ಎರಡು ಪುಟ ಹೆಚ್ಚು ಗೊತ್ತಿರುತ್ತಿತ್ತು, ಆ ದಿನ ನಾನು ಬಹಳ ಒಳ್ಳೆಯ ಟೀಚರ್.

ಸೆಂಟರಿನ ಮುಖ್ಯಸ್ಥರು ಮೇ ತಿಂಗಳ ಸೆಕೆಯಲ್ಲೂ ಟೈ ಬಿಚ್ಚುತ್ತಿರಲಿಲ್ಲ. ಅವರಿಗೆ ಜಾವಾ ಬರುತ್ತಿರಲಿಲ್ಲ, ಆದರೆ ಜಾವಾದ ಬಗ್ಗೆ ಅಭಿಪ್ರಾಯಗಳಿದ್ದವು. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡುವಾಗ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬಂದು ನಾನು ತಡವರಿಸಿದರೆ ಹಿಂದಿನಿಂದ ಹೇಳುತ್ತಿದ್ದರು: "ವಾರ್ನಿಂಗ್ ಬಂದ್ರೆ ಹೆದ್ರುಕಾಗ. ಎರರ್ ಬಂದ್ರೆ ಮಾತ್ರ ಹೆದ್ರ್ಕಣಿ." ಈ ಮಾತನ್ನು ನಾನು ನೋಟ್ಸಿನಲ್ಲಿ ಬರೆಸಿದ್ದೆ ಕೂಡ. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಈಗಲೂ ಅದನ್ನು ಪಾಲಿಸುತ್ತಿದ್ದರೆ ಅವರ ಬಳಿ ಕ್ಷಮೆ ಕೇಳುತ್ತೇನೆ.

ಆ ಮುಖ್ಯಸ್ಥರ ಪರಿಚಯದ ಒಬ್ಬರು ಕುಂದಾಪುರದ ಹೊರಗೆ ಅಕ್ಕಿ ಮಿಲ್ಲು ಇಟ್ಟಿದ್ದರು. ಅವರಿಗೆ ಕಂಪ್ಯೂಟರ್ ಬೇಕಾಯಿತು. ಯಾಕೆ ಬೇಕು ಎಂದು ಕೇಳಿದರೆ, "ಎಲ್ಲಾ ಮಿಲ್ಲಲ್ಲೂ ಚಾಕ್‌ಪೀಸ್ ಇತ್ತ್. ನಮ್ಮಲ್ ಕಂಪ್ಯೂಟರ್ ಇರ್ಲಿ" ಎಂದರು. ಅದಕ್ಕಿಂತ ಪ್ರಾಮಾಣಿಕವಾದ ಕಾರಣವನ್ನು ಆಮೇಲೆ ಯಾವ ಗಿರಾಕಿಯೂ ನನಗೆ ಹೇಳಿಲ್ಲ.

ಚಾಕ್‌ಪೀಸಿನ ವಿಷಯ ಹೀಗೆ. ನಮ್ಮ ಕಡೆ ಊಟಕ್ಕೆ ಕುಚ್ಚಲಕ್ಕಿ. ಸಣ್ಣ ಸಣ್ಣ ಗದ್ದೆಯವರು ತಮ್ಮ ಭತ್ತವನ್ನು ಮಿಲ್ಲಿಗೆ ತರುತ್ತಾರೆ, ಅಲ್ಲಿ ಅದನ್ನು ತೊಟ್ಟಿಯಲ್ಲಿ ನೆನೆಹಾಕಿ, ಆವಿಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡಿ ಕೊಡುತ್ತಾರೆ. ಯಾರ ಭತ್ತವೋ ಅವರಿಗೇ ಅದರ ಅಕ್ಕಿ ಹೋಗಬೇಕು. ಅಷ್ಟೇ ತೂಕದ, ಅದಕ್ಕಿಂತ ಚೆಂದದ ಬೇರೆ ಅಕ್ಕಿ ಕೊಟ್ಟರೂ ಒಪ್ಪುವವರಲ್ಲ. ನನ್ನ ಗದ್ದೆಯದು ನನಗೆ, ಮುಗಿಯಿತು. ಹಾಗಾಗಿ ಬೇಯಿಸುವವರು ಪ್ರತಿ ತೊಟ್ಟಿಯ ಗೋಡೆಯ ಮೇಲೂ ಚಾಕ್‌ಪೀಸಿನಲ್ಲಿ ಹೆಸರು ಬರೆಯುತ್ತಿದ್ದರು. ಮಿಲ್ಲಿನವರ ಅಪ್ಪನ ಕಾಲದಿಂದ ಹಾಗೆಯೇ ನಡೆದಿತ್ತು, ಅದಲುಬದಲಾದದ್ದು ಯಾರಿಗೂ ನೆನಪಿಲ್ಲ.

ಕಂಪ್ಯೂಟರ್ ಬರುವ ವಾರ ಮಿಲ್ಲಿನ ಧಣಿಗಳು ತೊಟ್ಟಿಗಳಿಗೆಲ್ಲ ನೀಲಿ ಪೇಂಟ್ ಹೊಡೆಸಿ, ಇನ್ನು ಗೋಡೆಯ ಮೇಲೆ ಬರೆಯಬಾರದೆಂದು ಕಟ್ಟಪ್ಪಣೆ ಮಾಡಿದರು. ಕಂಪ್ಯೂಟರಿಗೆ ಒಂದು ಗಾಜಿನ ಕೋಣೆ, ಒಂದು ಎಸಿ, ಕುಂಕುಮದ ಬೊಟ್ಟು. ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು. ಆಳುಗಳು ತಲೆಯಿಂದ ಪಾದದವರೆಗೆ ತೌಡು ಮೆತ್ತಿಕೊಂಡು ದಿನವಿಡೀ ಸೆಕೆಯಲ್ಲಿ ಬೇಯುತ್ತಿದ್ದಾಗ ಆ ಪೆಟ್ಟಿಗೆ ಮಾತ್ರ ತಣ್ಣಗೆ ಕುಳಿತಿರುತ್ತಿತ್ತು.

ಪ್ರೋಗ್ರಾಂ ನಾನು ಬರೆದೆ. ಜಾವಾದಲ್ಲಿ ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ಬೇರೆಯಾಗಿ ದುಡಿಯುವ ಒಬ್ಬ ಆಳು ಎಂದುಕೊಳ್ಳಿ. ಧಣಿಗಳು ಪರದೆಯಲ್ಲಿ ಏನೇ ಮಾಡುತ್ತಿದ್ದರೂ ನನ್ನ ಆ ಆಳಿನ ಕೆಲಸ ಒಂದೇ. ತೂಕದ ಮೆಷಿನ್ನಿನಿಂದ ಬಂದ ತಂತಿಗೆ ಕಿವಿಯಿಟ್ಟು ಕೂರುವುದು, ತೂಕ ಬಂದೊಡನೆ ತಂದವರ ಹೆಸರು ಬರೆಯುವುದು, ಚೀಟಿ ಮುದ್ರಿಸುವುದು, ತೊಟ್ಟಿಯ ನಂಬರು ಹಾಕುವುದು. ತೂಕ ಬರದಿದ್ದರೆ ಸಂಜೆಯವರೆಗೂ ಕಾಯುವುದು. ಕಾಯುವುದರಲ್ಲಿ ಅವನಷ್ಟು ನಿಯತ್ತಿನ ಆಳು ಮಿಲ್ಲಿನಲ್ಲಿ ಬೇರೆ ಇರಲಿಲ್ಲ.

ತೊಂದರೆ ಬಂದದ್ದು ಆ ನಿಯತ್ತಿನಿಂದಲೇ. ಸಂಜೆ ಐದೂವರೆಗೆ ಧಣಿಗಳು 'ಬಂದ್' ಗುಂಡಿ ಒತ್ತಿದರೆ ಪ್ರೋಗ್ರಾಂ ಮುಚ್ಚುತ್ತಿರಲಿಲ್ಲ. ಆಳು ತಂತಿಗೆ ಕಿವಿಯಿಟ್ಟು ಕುಳಿತಿದ್ದಾನೆ, ಅವನು ಏಳುವವರೆಗೆ ಮುಚ್ಚಬಾರದೆಂದು ನಾನೇ ಬರೆದಿದ್ದೆ, ಅವನು ಏಳುವುದಿಲ್ಲ. ಧಣಿಗಳು ಎರಡು ನಿಮಿಷ ಕಾದು ಗೋಡೆಯ ಮೇನ್ ಸ್ವಿಚ್ಚು ಆರಿಸುತ್ತಿದ್ದರು. ನಾಲ್ಕನೆಯ ದಿನ ಸೆಂಟರಿಗೆ ಫೋನ್ ಬಂತು. "ಟೀಚ್ರೆ, ನಿಮ್ಮ್ ಪ್ರೋಗ್ರಾಂ ಮನಿಗ್ ಹೋತಿಲ್ಲೆ" ಎಂದರು.

ನಾನು ಪುಸ್ತಕ ತೆಗೆದೆ. ಇಂಟರಪ್ಟ್ ಎಂಬ ಆಜ್ಞೆ ಇದೆ, ಅದು ಕಾಯುತ್ತಿರುವ ಥ್ರೆಡ್ಡನ್ನು ಕರೆದು ಎಬ್ಬಿಸುತ್ತದೆ ಎಂದಿತ್ತು. ಹಾಕಿದೆ. ಏನೂ ಆಗಲಿಲ್ಲ. ಪುಸ್ತಕದ ಮುಂದಿನ ಪುಟದಲ್ಲಿ ಅದರ ಕಾರಣವೂ ಇತ್ತು. ಸುಮ್ಮನೆ ನಿದ್ದೆ ಮಾಡುವ ಥ್ರೆಡ್ಡಿಗೆ ಈ ಕರೆ ಕೇಳುತ್ತದೆ, ಹೊರಗಿನ ತಂತಿಯನ್ನು ಓದುತ್ತ ಕುಳಿತದ್ದಕ್ಕೆ ಕೇಳುವುದಿಲ್ಲ, ಅದನ್ನು ಎಬ್ಬಿಸಬೇಕಾದರೆ ತಂತಿಯನ್ನೇ ಮುಚ್ಚಬೇಕು ಎಂದು. ಆದರೆ ಆ ದಿನ ಬಸ್ಸು ಸಮಯಕ್ಕೆ ಸರಿಯಾಗಿ ಬಂದಿತ್ತು, ನಾನು ಮುಂದಿನ ಪುಟ ಓದಿರಲಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಇಂಟರಪ್ಟ್ ಬಂದಾಗ ಏನು ಮಾಡಬೇಕು ಎಂದು ಬರೆಯಲು ಜಾವಾ ಒಂದು ಕ್ಯಾಚ್ ಬ್ಲಾಕನ್ನು ಕಡ್ಡಾಯವಾಗಿ ಕೇಳುತ್ತದೆ. ನಾನು ಅದನ್ನು ಖಾಲಿ ಬಿಟ್ಟಿದ್ದೆ. ಹೀಗೆ ಬಿಟ್ಟರೆ ಕರೆ ಕೇಳಿದ ಥ್ರೆಡ್ಡೂ ಕೇಳಿದ್ದನ್ನು ನುಂಗಿ ಮೊದಲಿನಂತೆ ಕೂರುತ್ತದೆ. ಮಿಲ್ಲಿನಲ್ಲಿ ಬೆಂಕಿ ನೋಡಿಕೊಳ್ಳುವವನನ್ನು ಧಣಿಗಳು "ಹ್ವಾಯ್" ಎಂದು ಕರೆದರೆ ಅವನು "ಬಂದೆ" ಎನ್ನುತ್ತಿದ್ದ, ಕೂತಲ್ಲಿಂದ ಕದಲುತ್ತಿರಲಿಲ್ಲ. ಅವನನ್ನು ನೋಡಿ ನಗುತ್ತಿದ್ದ ನಾನು ಅಂಥವನನ್ನೇ ಕೈಯಾರೆ ಮಾಡಿ ಗಾಜಿನ ಕೋಣೆಯಲ್ಲಿ ಕೂರಿಸಿದ್ದೆ.

ಕೊನೆಗೆ ನನಗೆ ಸಿಕ್ಕಿದ್ದು ಸ್ಟಾಪ್ ಎಂಬ ಆಜ್ಞೆ. ಥ್ರೆಡ್ ಏನೇ ಮಾಡುತ್ತಿರಲಿ, ಎಲ್ಲೇ ಇರಲಿ, ಅಲ್ಲೇ ಮುಗಿಸಿಬಿಡುತ್ತದೆ. ಇದನ್ನು ಇನ್ನು ಬಳಸಬೇಡಿ, ಅಪಾಯ ಎಂದು ಜಾವಾ ಮಾಡಿದವರೇ ಗೆರೆ ಹೊಡೆದಿದ್ದರು. ಕಂಪೈಲ್ ಮಾಡಿದಾಗ ಎಚ್ಚರಿಕೆಯ ಸಾಲೂ ಬಂತು. ಟೈ ಕಟ್ಟಿದ ಮುಖ್ಯಸ್ಥರು ಹಿಂದೆಯೇ ನಿಂತಿದ್ದರು. "ವಾರ್ನಿಂಗ್ ಅಲ್ದಾ" ಎಂದರು. "ಹೌದು, ವಾರ್ನಿಂಗ್ ಅಷ್ಟೇ" ಎಂದೆ. ಮರುದಿನದಿಂದ ಪ್ರೋಗ್ರಾಂ ಐದೂವರೆಗೆ ಸರಿಯಾಗಿ ಮನೆಗೆ ಹೋಗತೊಡಗಿತು, ಧಣಿಗಳು ನನಗೆ ಬೇಕರಿಯಿಂದ ಒಂದು ಡಬ್ಬಿ ಬಿಸ್ಕತ್ತು ಕಳಿಸಿದರು.

ಆ ಕಾರ್ತಿಕದಲ್ಲಿ ಗುಲ್ವಾಡಿಯ ಅಮ್ಮ ತಮ್ಮ ಭತ್ತ ತಂದರು. ಎಪ್ಪತ್ತು ದಾಟಿದವರು, ಗಂಡ ತೀರಿಕೊಂಡು ಬಹಳ ಕಾಲ. ಹೊಳೆಬದಿಯಲ್ಲಿ ಅವರಿಗಿದ್ದದ್ದು ಒಂದೇ ಗದ್ದೆ. ಆ ಗದ್ದೆಯನ್ನು ಮೈದುನಂದಿರು ಹೆಂಚಿನ ಕಾರ್ಖಾನೆಯವರ ಮಣ್ಣಿಗೆ ಕೊಡುವುದೆಂದು ತೀರ್ಮಾನಿಸಿದ್ದರು. ಕೊಯ್ಲಾದ ಮೇಲೆ ಮಣ್ಣು ತೆಗೆಯುತ್ತಾರೆ, ಆಮೇಲೆ ಅಲ್ಲಿ ಉಳಿಯುವುದು ಹೊಂಡ. ಅಂದರೆ ಇದು ಆ ಗದ್ದೆಯ ಕೊನೆಯ ಬೆಳೆ. ಅದನ್ನು ಮಿಲ್ಲಿನಲ್ಲಿ ಇಳಿಸುವಾಗ ಅಮ್ಮ ಹೇಳಿದ್ದು ಒಂದೇ ಮಾತು: "ಇದ್ ಹೊಸ್ತಿಗೆ. ಬೇರೆದ್ ಸೇರ್ಸ್ಬ್ಯಾಡಿ."

ಹೊಸ್ತು ಎಂದರೆ ನಮ್ಮಲ್ಲಿ ಹೊಸ ಬೆಳೆಯ ಅಕ್ಕಿಯ ಮೊದಲ ಊಟ. ಅಂಗಡಿಯಲ್ಲಿ ಕೊಂಡ ಅಕ್ಕಿಗೆ ಹೊಸ್ತಿಲ್ಲ, ತಮ್ಮ ಗದ್ದೆಯದೇ ಆಗಬೇಕು. ಎಲೆಗೆ ಬಡಿಸಿದ ಮೇಲೆ ಯಾರೂ ಹಾಗೇ ತುತ್ತು ಎತ್ತುವಂತಿಲ್ಲ. ಮನೆಯ ಹಿರಿಯರ ಕಡೆ ನೋಡಿ "ಹೊಸ್ತ್ ಉಂತೆ" ಎನ್ನಬೇಕು, ಅವರು "ಉಣ್" ಎನ್ನಬೇಕು. ಚಿಕ್ಕವಳಿದ್ದಾಗ ಯಡ್ತರೆಯ ನಮ್ಮ ಮನೆಯಲ್ಲಿ ನಾನು ಹೇಳಲು ಮರೆತು ಅನ್ನ ಬಾಯಿಗಿಟ್ಟು ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ಅಮ್ಮನ ಭತ್ತ ಮೂರನೇ ತೊಟ್ಟಿಗೆ ಹೋಯಿತು. ಅದೇ ದಿನ ಸಂಜೆ, ಐದೂವರೆಗೆ ಐದು ನಿಮಿಷ ಇರುವಾಗ, ಬ್ರಹ್ಮಾವರದ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಭತ್ತ ಬಂತು. ಅವರ ಹೆಂಡತಿಯ ತವರು ಈ ಕಡೆ, ಗದ್ದೆಯೂ ಇಲ್ಲಿತ್ತು. ಅವರ ಭತ್ತ ನಾಲ್ಕನೇ ತೊಟ್ಟಿಗೆ. ತೂಕ ಹೆಚ್ಚುಕಡಿಮೆ ಅಮ್ಮನದಷ್ಟೇ. ನನ್ನ ಆಳು ತೂಕ ಕೇಳಿ ಎದ್ದ, ವ್ಯಾಪಾರಿಯ ಹೆಸರು ಬರೆದ, ಚೀಟಿ ಮುದ್ರಿಸತೊಡಗಿದ. ಆ ಕಾಲದ ಪ್ರಿಂಟರ್ ಒಂದು ಚೀಟಿಗೆ ಕಾಲು ನಿಮಿಷ ಗರಗರ ಎನ್ನುತ್ತಿತ್ತು. ಧಣಿಗಳಿಗೆ ಯಾವುದೋ ಮದುವೆ ನಿಶ್ಚಯಕ್ಕೆ ಹೋಗುವ ಅವಸರ. ಚೀಟಿ ಅರ್ಧ ಬರುವಾಗಲೇ 'ಬಂದ್' ಒತ್ತಿದರು. ಆಳು ಅಲ್ಲೇ ಸತ್ತ. ಹೆಸರು ಬರೆದಾಗಿತ್ತು, ತೊಟ್ಟಿಯ ನಂಬರು ಬದಲಾಗಿರಲಿಲ್ಲ.

ಪ್ರತಿ ಸಲಕ್ಕೂ ಹೊಸ ದಾಖಲೆ ಮಾಡಿಕೊಳ್ಳುವ ಬದಲು ನಾನು ಹಳೆಯದನ್ನೇ ಅಳಿಸಿ ಅಳಿಸಿ ಬರೆಯುತ್ತಿದ್ದೆ. ಮೆಮೊರಿ ಉಳಿಸುವುದು ಜಾಣತನ ಎಂದು ನಂಬಿದ್ದ ವಯಸ್ಸು. ಹಾಗಾಗಿ ಅಮ್ಮನ ಹೆಸರು ಇದ್ದ ಜಾಗದಲ್ಲೇ ವ್ಯಾಪಾರಿಯ ಹೆಸರು ಬಂದು ಕೂತಿತ್ತು, ಕೆಳಗೆ ತೊಟ್ಟಿಯ ನಂಬರು ಮಾತ್ರ ಅಮ್ಮನದು, ಮೂರು. ಸ್ಟಾಪ್ ಎಂಬುದು ಥ್ರೆಡ್ಡನ್ನು ಕೊಲ್ಲುವಾಗ, ಕೆಲಸ ಮುಗಿಯುವವರೆಗೆ ಬೇರೆ ಯಾರೂ ಮುಟ್ಟದಂತೆ ಅದು ಹಾಕಿಕೊಂಡಿದ್ದ ಬೀಗಗಳನ್ನೆಲ್ಲ ತೆಗೆದುಬಿಡುತ್ತದೆ. ಅರ್ಧ ಮಾಡಿಟ್ಟ ಕೆಲಸ ಪೂರ್ತಿಯಾದದ್ದರಂತೆ ಎಲ್ಲರಿಗೂ ಕಾಣುತ್ತದೆ. ಅದನ್ನೇ ಪ್ರೋಗ್ರಾಂ ವಿಧೇಯವಾಗಿ ಫೈಲಿಗೆ ಬರೆದು ಮುಚ್ಚಿಕೊಂಡಿತು.

ಮರುದಿನ ಬೆಳಿಗ್ಗೆ ಪರದೆಯಲ್ಲಿ ಮೂರನೇ ತೊಟ್ಟಿ ವ್ಯಾಪಾರಿಯದು, ನಾಲ್ಕನೆಯದು ಖಾಲಿ. ನಾಲ್ಕರಲ್ಲಿ ಭತ್ತವಂತೂ ಇತ್ತು, ಹಾಗಾದರೆ ಅದು ಅಮ್ಮನದೇ ಇರಬೇಕು ಎಂದು ಧಣಿಗಳು ತಮ್ಮ ಕೈಯಾರೆ ಅಮ್ಮನ ಹೆಸರನ್ನು ಅಲ್ಲಿ ಟೈಪು ಮಾಡಿದರು. ಮಿಲ್ಲು ನಡೆಸುವ ಡ್ರೈವರ್ ಒಬ್ಬರಿದ್ದರು, ಆ ಮೆಷಿನ್ನುಗಳ ಜೊತೆಗೇ ಮುದುಕರಾದವರು. ಅವರು ಗಾಜಿನ ಬಾಗಿಲ ಹೊರಗೆ ಚಪ್ಪಲಿಯನ್ನು ಬಿಟ್ಟು ನಿಂತು ಹೇಳಿದರಂತೆ, "ಧಣಿ, ಮೂರನೇದ್ ಗುಲ್ವಾಡಿ ಅಮ್ಮಂದ್ ಅಲ್ದಾ?" ಧಣಿಗಳು ಪರದೆ ತೋರಿಸಿ, "ಕಂಪ್ಯೂಟರ್ ಎಂತ ಹೇಳ್ತ್ ಕಾಣ್" ಎಂದರಂತೆ. ಚಾಕ್‌ಪೀಸಿನ ಗೋಡೆ ಇದ್ದಿದ್ದರೆ ಅದನ್ನು ತೋರಿಸಬಹುದಿತ್ತು. ಅಲ್ಲಿ ನೀಲಿ ಪೇಂಟ್ ಮಾತ್ರ ಇತ್ತು.

ಅದರ ಮುಂದಿನ ಭಾನುವಾರ ಬ್ರಹ್ಮಾವರದಲ್ಲಿ ಆ ವ್ಯಾಪಾರಿಯ ಹೊಸ ಮನೆಯ ಗೃಹಪ್ರವೇಶ. ಧಣಿಗಳು ನನ್ನನ್ನೂ ಕರೆದುಕೊಂಡು ಹೋದರು. ನಾನೇನೂ ಅವರ ನೆಂಟಳಲ್ಲ, ನನ್ನನ್ನು ತೋರಿಸುವುದಿತ್ತು. "ನಮ್ಮ್ ಕಂಪ್ಯೂಟರ್ ಮಾಡ್ದರ್ ಇವ್ರೇ" ಎಂದು ಪಂಕ್ತಿಯಲ್ಲಿ ಆಚೀಚೆ ಕೂತವರಿಗೆಲ್ಲ ಪರಿಚಯಿಸಿದರು. ಬಲಗಡೆ ಕೂತ ಒಬ್ಬರು ತಮ್ಮ ಗೇರುಬೀಜದ ಕಾರ್ಖಾನೆಗೂ ಒಂದು ಮಾಡಿಕೊಡಬಹುದೇ ಎಂದು ಕೇಳಿದರು. ನಾನು ಊಟದುದ್ದಕ್ಕೂ ಥ್ರೆಡ್ಡುಗಳ ಬಗ್ಗೆ ಭಾಷಣ ಮಾಡಿದೆ. ಎದುರಿನವರು ಯಾರೋ "ಅಕ್ಕಿ ಲಾಯ್ಕಿತ್ತ್" ಎಂದರು, ಧಣಿಗಳು "ನಮ್ಮ್ ಮಿಲ್ಲಿದ್" ಎಂದು ಎದೆಯುಬ್ಬಿಸಿದರು, ನಾನು ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಸೋಮವಾರ ಅಮ್ಮ ಮಿಲ್ಲಿಗೆ ಬಂದರು. ಸೆರಗಿನ ತುದಿಯಲ್ಲಿ ಒಂದು ಮುಷ್ಟಿ ಅಕ್ಕಿ ಕಟ್ಟಿಕೊಂಡಿದ್ದರು. ಚಪ್ಪಲಿ ಬಿಡುವ ಪ್ರಶ್ನೆಯೇ ಇರಲಿಲ್ಲ, ಅವರು ಮೆಟ್ಟಿಯೇ ಇರಲಿಲ್ಲ. ನೇರ ಗಾಜಿನ ಕೋಣೆಯೊಳಗೆ ಹೋಗಿ ಗಂಟು ಬಿಚ್ಚಿ ಕೀಬೋರ್ಡಿನ ಪಕ್ಕದಲ್ಲಿ ಅಕ್ಕಿ ಸುರಿದರು. "ಇದ್ ನನ್ನದಲ್ಲ" ಎಂದರು. ಧಣಿಗಳು ಹೇಳಿದ್ದನ್ನು ಡ್ರೈವರ್ ನನಗೆ ಆಮೇಲೆ ಹಾಗೆಯೇ ಒಪ್ಪಿಸಿದರು: "ಅಮ್ಮಾ, ಅಕ್ಕಿ ಎಲ್ಲಾ ಒಂದೇ ಅಲ್ದಾ? ಇದ್ ನಿಮ್ಮದಕ್ಕಿಂತ ಸಣ್ಣಕ್ಕಿ, ಒಳ್ಳೇದ್." ಅಮ್ಮ ಅಂಗಳದ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂತು, ಬಸ್ಸಿಗೆ ಹೊರಟುಹೋದರಂತೆ.

ನನ್ನನ್ನು ಕರೆಸಿದರು. ಫೈಲು ತೆರೆದ ಅರ್ಧ ಗಂಟೆಯಲ್ಲಿ ನನಗೆ ಎಲ್ಲ ತಿಳಿಯಿತು. ಆದದ್ದು ಹೇಳಿದೆ. ಧಣಿಗಳು ಯೋಚಿಸಿ ಸುಲಭವಾದ ದಾರಿ ಕಂಡುಹಿಡಿದರು. "ಕಂಪ್ಯೂಟರ್ ತಪ್ಪ್ ಅಂದ್ ಹೇಳ್ವ" ಎಂದರು. ಅದುವರೆಗೆ ಕಂಪ್ಯೂಟರ್ ತಪ್ಪೇ ಮಾಡುವುದಿಲ್ಲ ಎನ್ನುತ್ತಿದ್ದವರು. ಈ ಮಾತನ್ನು ಆಮೇಲೆ ಫೋನ್ ಬಿಲ್ಲಿನ ಕೌಂಟರಿನಲ್ಲಿ, ಪಹಣಿ ಕೊಡುವಲ್ಲಿ, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಬದಲಾದಲ್ಲಿ, ಎಷ್ಟು ಕಡೆ ಕೇಳಿದೆನೋ. ಪ್ರತಿ ಸಲವೂ ಆ ಕಂಪ್ಯೂಟರಿನ ಹಿಂದೆ ನನ್ನಂಥ ಒಬ್ಬಳು ಬಿಸ್ಕತ್ತು ತಿನ್ನುತ್ತ ಕೂತಿರುವುದು ನನಗೆ ಕಾಣುತ್ತದೆ.

ಅಮ್ಮನ ಮನೆಗೆ ಹೋಗಬೇಕಿತ್ತು. ಅದಕ್ಕಿಂತ ಪ್ರೋಗ್ರಾಂ ಸರಿಮಾಡುವುದು ಸುಲಭ, ಹಾಗಾಗಿ ಅದನ್ನೇ ಮೊದಲು ಮಾಡಿದೆ. ಮೂರು ದಿನ ಮಿಲ್ಲಿನಲ್ಲೇ ಕೂತೆ. ಎರಡನೇ ದಿನ ಸಂಜೆ ಡ್ರೈವರ್ ಬಂದು ಬಾಗಿಲಲ್ಲಿ ನಿಂತರು.

"ಟೀಚ್ರೆ, ನಿಲ್ಸುದ್ ಹ್ಯಾಂಗ್ ಅಂದ್ ನಿಮ್ಗ್ ಗೊತ್ತಾತಿಲ್ಯಾ?"

"ಇಲ್ಲೆ" ಎಂದೆ. ಅಷ್ಟು ಹೊತ್ತಿಗೆ ನನ್ನ ಸೊಕ್ಕು ಅಷ್ಟು ಇಳಿದಿತ್ತು.

"ಇಲ್ ಬನ್ನಿ" ಎಂದು ಮೆಷಿನ್ನಿನ ಹತ್ತಿರ ಕರೆದೊಯ್ದರು. ಮಿಲ್ಲು ನಿಲ್ಲಿಸುವ ಹೊತ್ತು. "ಕಾಣಿ. ಮೊದ್ಲ್ ಬಾಯಿ ಮುಚ್ಚುದ್" ಎಂದು ಮೇಲೆ ಭತ್ತ ಬೀಳುವ ಬಾಯಿಯ ತಗಡನ್ನು ಎಳೆದರು. "ಒಳಗಿಪ್ಪುದ್ ಪೂರಾ ಬಪ್ಪುಕ್ ಬಿಡುದ್." ಮೆಷಿನ್ ಓಡುತ್ತಲೇ ಇತ್ತು, ಅಕ್ಕಿ ತೆಳ್ಳಗಾಗಿ, ಕಾಳುಕಾಳಾಗಿ, ನಿಂತಿತು. "ಶಬ್ದ ಬದ್ಲಾಯ್ತ್, ಕೇಂತ್ತಾ?" ಕೇಳಿಸಿತು, ಒಳಗೆ ಏನೂ ಇಲ್ಲದ ಬೋಳು ಶಬ್ದ. ಒಂದು ಮರದ ಹಿಡಿಯಿಂದ ಬೆಲ್ಟನ್ನು ಪಕ್ಕದ ಖಾಲಿ ಚಕ್ರಕ್ಕೆ ಜಾರಿಸಿದರು. ಕೊನೆಗೆ ಮೋಟಾರು.

"ಒಳಗ್ ಭತ್ತ ಇಪ್ಪತಿಗೇ ಮೇನ್ ತೆಗ್ದ್ರೆ?" ಎಂದು ಕೇಳಿದೆ.

"ಅರ್ಧ ಅಕ್ಕಿ ಅರ್ಧ ಭತ್ತ ಒಳಗೇ ಕಚ್ಕಂತ್ತ್. ನಾಳೆ ಬಪ್ಪರ್ ಅಕ್ಕಿಗೆ ಸೇರತ್ತ್. ಯಾರದ್ದ್ ಯಾರಿಗೋ." ಅವರು ನನ್ನ ಮುಖ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಆರು ತಿಂಗಳಿಂದ ಗಾಜಿನ ಆಚೆ ದಿನಾ ಸಂಜೆ ಇದು ನಡೆಯುತ್ತಿತ್ತು. ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ, ಅಲ್ಲಿಗೆ ಹೋದಾಗಲೆಲ್ಲ ಸದ್ದಾಗುತ್ತದೆಂದು ಬಾಗಿಲು ಹಾಕಿಸುತ್ತಿದ್ದೆ. ಮರುದಿನ ಕೂತು ಅದನ್ನೇ ಜಾವಾದಲ್ಲಿ ಬರೆದೆ. 'ಬಂದ್' ಒತ್ತಿದರೆ ಮೊದಲು ಒಂದು ಬಾವುಟ ಇಳಿಯಬೇಕು, ಅದು ಎಲ್ಲ ಥ್ರೆಡ್ಡುಗಳಿಗೂ ಕೂಡಲೇ ಕಾಣುವಂತೆ ವೊಲಟೈಲ್ ಎಂದು ಗುರುತು ಮಾಡಿರಬೇಕು. ಆಮೇಲೆ ನಿದ್ದೆಯಲ್ಲಿದ್ದವನಿಗೆ ಇಂಟರಪ್ಟ್. ತಂತಿಗೆ ಕಿವಿಯಿಟ್ಟವನಿಗೆ ಅದು ಕೇಳದಿದ್ದರೆ ತಂತಿಯನ್ನೇ ಮುಚ್ಚುವುದು, ಆಗ ಓದುವ ಕೆಲಸ ತಪ್ಪಿ ಅವನಾಗಿಯೇ ಏಳುತ್ತಾನೆ. ಎದ್ದವನು ಬಾವುಟ ನೋಡಬೇಕು, ಇಳಿದಿದ್ದರೆ ಹೊಸ ಕೆಲಸ ಹಿಡಿಯಬಾರದು, ಕೈಯಲ್ಲಿದ್ದದ್ದನ್ನು ಮುಗಿಸಬೇಕು. ದಾಖಲೆಯನ್ನು ಬೇರೆಯಾಗಿ ಪೂರ್ತಿ ಬರೆದು, ಆಮೇಲೆ ಒಮ್ಮೆಲೇ ಅದರ ಜಾಗಕ್ಕೆ ಇಡಬೇಕು. ಧಣಿಗಳ ಗುಂಡಿ ಅವನಿಗಾಗಿ ಅರ್ಧ ನಿಮಿಷ ಕಾಯಬೇಕು. ಖಾಲಿ ಬಿಟ್ಟ ಕ್ಯಾಚ್ ಒಂದೂ ಇರಬಾರದು. ಡ್ರೈವರ್ ಎರಡು ನಿಮಿಷದಲ್ಲಿ ಹೇಳಿದ್ದನ್ನು ಬರೆಯಲು ನನಗೆ ನೂರಿಪ್ಪತ್ತು ಸಾಲು ಬೇಕಾಯಿತು.

ಇದನ್ನೇ ನಾನು ಈಗ ಬ್ರಹ್ಮಾವರದ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹುಡುಗರು ಇಂಟರ್ನೆಟ್ಟಿನಿಂದ ಸ್ಟಾಪ್ ಎತ್ತಿ ತಂದು, "ಮೇಡಂ, ನಿಂತ್ ಅಲ್ದಾ?" ಎಂದು ಬೀಗುತ್ತಾರೆ. ನಿಂತದ್ದು ಹೌದು, ನಿಂತಾಗ ಕೈಯಲ್ಲಿ ಏನಿತ್ತು ಎಂದು ಕೇಳುತ್ತೇನೆ. ಅಕ್ಕಿ ಮಿಲ್ಲಿನ ಕತೆಯನ್ನೂ ಹೇಳುತ್ತೇನೆ, ನಗುತ್ತಾರೆ. ಡ್ರೈವರ್ ಬೆಲ್ಟು ಜಾರಿಸಿದಲ್ಲಿಗೆ ನಿಲ್ಲಿಸುತ್ತೇನೆ. ಅದರ ಮುಂದಿನದ್ದನ್ನು ತರಗತಿಯಲ್ಲಿ ಹೇಳುವುದಿಲ್ಲ.

ಮೂರನೇ ದಿನ ಡ್ರೈವರ್ ನನ್ನ ಕೈಗೊಂದು ಬಟ್ಟೆಯ ಗಂಟು ಕೊಟ್ಟರು. ಎರಡು ಸಿದ್ದೆ ಅಕ್ಕಿ, ಅಂದರೆ ಒಂದು ಹೊತ್ತಿಗೆ ನಾಲ್ಕು ಜನ ಉಣ್ಣುವಷ್ಟು. ಮೂರನೇ ತೊಟ್ಟಿಯ ಭತ್ತ ಅಮ್ಮನದೇ ಎಂದು ಅವರಿಗೆ ಖಾತ್ರಿಯಿತ್ತು, ಧಣಿಗಳು ಅವರ ಮಾತು ಕೇಳಿರಲಿಲ್ಲ. ಅದಕ್ಕೇ ಆ ಭತ್ತವನ್ನು ಅಕ್ಕಿ ಮಾಡಿದ ದಿನ ಮೆಷಿನ್ ಖಾಲಿಯಾಗುವವರೆಗೆ ಓಡಿಸಿ, ಕೊನೆಗೆ ಉದುರಿದ್ದನ್ನು ಗುಡಿಸಿ, ಆರಿಸಿ, ಡಬ್ಬಿಯಲ್ಲಿ ಎತ್ತಿಟ್ಟಿದ್ದರು. "ನೀವೇ ಕೊಡಿ" ಎಂದರು. "ನಾನ್ ಕೊಟ್ರೆ ಆತಿಲ್ಲೆ."

ಗುಲ್ವಾಡಿಗೆ ಹೋದೆ. ಅಮ್ಮ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ಗದ್ದೆಯ ಅಂಚಿನಲ್ಲಿ ಆಗಲೇ ಮಣ್ಣು ತೆಗೆಯುವ ಗುರುತಿಗೆ ಗೂಟ ಹೊಡೆದಿದ್ದರು. ಗಂಟು ಕೊಟ್ಟೆ. ಬಿಚ್ಚಿ ನೋಡಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು, ತಲೆಯಾಡಿಸಿದರು. ಒಳಗೆ ಇಟ್ಟು ಬಂದು ನನಗೆ ಚಾ ಕೊಟ್ಟರು. ಕಂಪ್ಯೂಟರ್ ತಪ್ಪು ಎನ್ನಲು ಬಾಯಿ ತೆರೆದೆ, ಬರಲಿಲ್ಲ. ತಪ್ಪು ನನ್ನದು, ನಾನೇ ಹಾಗೆ ಬರೆದದ್ದು ಎಂದೆ.

"ಉಳ್ದದ್ದ್ ಯಾರ್ ಉಂಡ್ರ್?" ಎಂದು ಕೇಳಿದರು.

"ಬ್ರಹ್ಮಾವರದಲ್ಲ್ ಒಂದ್ ಗೃಹಪ್ರವೇಶ. ಊಟಕ್ಕೆ ಹಾಕಿರ್ ಅಮ್ಮಾ." ಉಳಿದದ್ದನ್ನೂ ಹೇಳಿದೆ: "ನಾನೂ ಉಂಡೆ."

ಅಮ್ಮ ಬಸಳೆಯ ದಂಟು ಮುರಿಯುವುದನ್ನು ನಿಲ್ಲಿಸಿದರು. "ನೀನ್ ಯಾವ್ ಊರ್ ಹೆಣ್?"

"ಯಡ್ತರೆ. ನಮ್ಗೂ ಗದ್ದಿ ಇತ್ತ್."

"ಹಾಂಗಾರ್ ಗೊತ್ತಿತ್ತಲೆ ನಿಂಗೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹೊಸ್ತ್ ಉಂಬತಿಗೆ ಯಾರನ್ನ್ ಕೇಂಡೆ?"

ಯಾರನ್ನೂ ಕೇಳಿರಲಿಲ್ಲ. ಆ ಊಟದಲ್ಲಿ ಅನ್ನದ ಜೊತೆ ಏನಿತ್ತೆಂಬುದೂ ನೆನಪಿರಲಿಲ್ಲ, ನಾನು ಮಾತನಾಡುತ್ತಿದ್ದೆ. ಅಷ್ಟು ತಡವಾಗಿ, ಲೋಟ ಕೆಳಗಿಟ್ಟು, ಅವರ ಕಡೆ ನೋಡಿ ಹೇಳಿದೆ: "ಅಮ್ಮಾ, ಹೊಸ್ತ್ ಉಂಡಾಯ್ತ್."

ಅದಕ್ಕೆ ಹೇಳಬೇಕಾದ ಒಂದು ಮಾತು ಇದೆ, "ಉಣ್" ಎಂದು, ನಮ್ಮ ಕಡೆ ಎಲ್ಲ ಹಿರಿಯರಿಗೂ ಬರುತ್ತದೆ. ನಾನು ಕಾದೆ. ಅವರು ಬಸಳೆಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.

"ಚಾ ತಣೀತ್, ಕುಡಿ" ಎಂದರು.